ಐದನೇ ಸಾಲು

ಡಂಡೀ ಊರಿನ ಸೆಣಬಿನ ಗಿರಣಿ
ಎಫೀ ಅಜ್ಜಿಯ ಎರಡೂ ಕಿವಿ ತಿಂದು
ಬದಲಿಗೆ ಕೊಟ್ಟದ್ದು ಒಂದು ವಿದ್ಯೆ:
ಮಗ್ಗಗಳ ಆರ್ಭಟದ ನಡುವೆ ಹೆಂಗಸರು
ದನಿಯಿಲ್ಲದೆ ತುಟಿಯಲ್ಲೇ ಆಡುತ್ತಿದ್ದ ಮಾತು.
ಬಿಂಗೊ ಹಾಲಿನಲ್ಲಿ ಮಾತ್ರ ಅದು ಕೆಲಸಕ್ಕೆ ಬಾರದು.
ಅಂಕಿ ಕೂಗುವವನಿಗೆ ಪೊದೆಮೀಸೆ.

ಅಮ್ಮ ಆಗ್ನೆಸ್ ದುಡಿಯುತ್ತಿದ್ದ ಕಾರ್ಖಾನೆಯಿಂದ
ರಬ್ಬರ್ ಗುಂಡಿಗಳ ಕಪ್ಪು ಹಲಗೆಯೊಂದು ಮನೆಗೆ ಬಂತು,
ತಿಂಗಳಿಗಿಷ್ಟು ಅಂತ ಸಂಬಳದಲ್ಲಿ ಮುರಿದುಕೊಂಡರು.
ಹದಿಮೂರರ ನಾನು ಅದಕ್ಕೆ ಕಲಿಸಿದ ಮೊದಲ ಕೆಲಸ
ಅಮ್ಮನ ಹೆಸರನ್ನು ಬಾಲದಿಂದ ತಲೆಗೆ ಓದುವುದು.
ಟೀವಿಯ ಮೇಲೆ ನಾನೇ ಬಂದೆ: ಸೆಂಗಾ.
ನನಗೆ ಹೆಸರಿಡಲು ಅಮ್ಮ ಪಟ್ಟ ಕಷ್ಟ ಅಷ್ಟೇ.

ಭಾಷೆಯೆಂದರೆ ನೂರು ತುಂಬದ ಮಾತು.
ಗುಂಡಿಯೊಂದು ಒತ್ತಿದರೆ ಇಡೀ ಶಬ್ದವೇ ಉದುರುತ್ತಿತ್ತು,
ಪ್ರಿಂಟ್, ಗೋಟೂ, ಇಫ್.
ಸಾಲುಸಾಲಿಗೂ ನಂಬರು. ಹತ್ತು, ಇಪ್ಪತ್ತು, ಮೂವತ್ತು.
ನಡುವೆ ಒಂಬತ್ತು ಖಾಲಿ ಬಿಡು ಅಂತಿತ್ತು ಪುಸ್ತಕ,
ಆಮೇಲೆ ಹೊಳೆಯುವುದಕ್ಕೆ ಜಾಗ.
ಶಾಲೆಯಲ್ಲಿ, ಚರ್ಚಿನಲ್ಲಿ, ಯಾರೂ ಹೀಗೆ
ತಡವಾಗಿ ಬರುವ ಬುದ್ಧಿಗೆ ಕುರ್ಚಿ ಹಾಕಿಟ್ಟಿರಲಿಲ್ಲ.

ಇಕ್ಕಟ್ಟೂ ಇತ್ತು. ಒಂದು ಹೆಸರಿಡಲು
ಒಂದೇ ಅಕ್ಷರದ ಡಬ್ಬಿ.
‘ಇ’ ಡಬ್ಬಿಯಲ್ಲಿ ಎಫೀ ಅಜ್ಜಿಯನ್ನು ಕೂರಿಸಿದ್ದೆ,
ಪಕ್ಕದ ಮನೆಯ ಎಲ್ಸ್‌ಪೆತ್ ಬಂದು ಕೂತಳು,
ಅಜ್ಜಿ ಅಳಿಸಿಹೋದಳು.
ಜ್ಞಾಪಕ ಹದಿನಾರು ಕೆ. ತುಂಬಿದರೆ
ಇನ್ನಾಗದು ಅಂತ ನೇರ ಹೇಳಿ ಸುಮ್ಮನಾಗುತ್ತಿತ್ತು.
ಕ್ಯಾಸೆಟ್ಟು ಕಿರುಚುವಾಗ ಯಾರೂ ಕದ ಬಡಿಯಬಾರದು.

ಅಜ್ಜಿಗೆಂದು ಬಿಂಗೊ ಬರೆದೆ.
ಪರದೆಯಷ್ಟಗಲ ಅಂಕಿ, ಕಿವಿಯ ಹಂಗಿಲ್ಲ.
ಶುಕ್ರವಾರ ಎಲ್ಲರಿಗಿಂತ ಮೊದಲು ಬಂದು
ಬಿಸ್ಕತ್ತಿನ ಡಬ್ಬದಿಂದ ಕಾರ್ಡು ಆರಿಸುತ್ತಿದ್ದಳು.
ಮೊದಲ ಆಟ ಯಾವಾಗಲೂ ಅವಳದೇ.
ಋಣಾನುಬಂಧ ಇರಬೇಕು ಆ ಪೆಟ್ಟಿಗೆಯ ಜೊತೆ
ಅಂತ ಎಲ್ಸ್‌ಪೆತ್ ಮೂಗು ಮುರಿದಳು.

ನವೆಂಬರಿನ ಒಂದು ರಾತ್ರಿ ಪರದೆ ಬಿಟ್ಟು
ಅಜ್ಜಿಯ ಮುಖ ನೋಡುತ್ತಿದ್ದೆ.
ತುಟಿ ಆಡಿತು, ಎಪ್ಪತ್ತೆರಡು.
ಆಮೇಲೆ ಪರದೆಯಲ್ಲಿ ಎಪ್ಪತ್ತೆರಡು.
ತುಟಿ, ಇಪ್ಪತ್ತೈದು.
ಇಪ್ಪತ್ತೈದು.

ಹಾಕಿದ ಗೆರೆ ದಾಟದ ಯಂತ್ರ.
ಮನಸ್ಸಿಗೆ ಬಂದ ಅಂಕಿ ಹೇಳು ಅಂದರೆ
ಅದಕ್ಕೆ ಮನಸ್ಸೆಲ್ಲಿ?
ಸ್ವಿಚ್ಚು ಹಾಕಿದಾಗೆಲ್ಲ ಅದೇ ಹಣೆಬರಹ ಓದುತ್ತಿತ್ತು.
ಒಂದು, ಎಂಟು, ನಲವತ್ತು, ಎಪ್ಪತ್ತೆರಡು.

ಮದ್ದು ಪುಸ್ತಕದಲ್ಲೇ ಇತ್ತು. ರ‍್ಯಾಂಡಮೈಸ್. ಒಂದೇ ಗುಂಡಿ.
ಹತ್ತಕ್ಕೂ ಮೊದಲಿನ ಖಾಲಿಯಲ್ಲಿ
ಐದನೇ ಸಾಲಾಗಿ ಸೇರಿಸಿದೆ, ಜಾಣೆ ನಾನು.
ಮುಂದಿನ ಶುಕ್ರವಾರ ಅಜ್ಜಿಯ ತುಟಿ ಒಂದು ಅಂದಿತು.
ಪರದೆಗೆ ಅರವತ್ತಮೂರು ಬಂತು.
ಎಂಟು ಅಂದಿತು. ಐವತ್ತು.
ಆಮೇಲೆ ತುಟಿ ಆಡಲಿಲ್ಲ.
ಕಾರ್ಡನ್ನು ಚಹಾದ ತಟ್ಟೆಯಡಿ ಸರಿಸಿ
ಕೋಟು ಎಲ್ಲಿಟ್ಟೆ ಅಂತ ಹುಡುಕತೊಡಗಿದಳು.

ಸಾಲು ಅಳಿಸುವುದು ಸುಲಭ. ಬರೀ ಐದು ಒತ್ತಿ
ಎಂಟರ್ ಒತ್ತಿದರೆ ಸಾಕು, ಗುರುತೂ ಉಳಿಯದು.
ಅದೇ ರಾತ್ರಿ ಮಾಡಿದೆ, ಕ್ಯಾಸೆಟ್ಟಿಗೆ ಮತ್ತೆ ತುಂಬಿದೆ.
ಅಮ್ಮನಿಗೂ ಹೇಳಲಿಲ್ಲ.
ಮರುವಾರ ಗೆದ್ದ ಚಿಲ್ಲರೆಯಲ್ಲಿ ಎರಡು ಪೆನ್ನಿ
ಅಜ್ಜಿ ಹಲಗೆಯ ಪಕ್ಕ ಇಟ್ಟು ಹೋದಳು.
ಯಂತ್ರಕ್ಕೋ ನನಗೋ, ಇಂದಿಗೂ ತಿಳಿಯದು.

ಈಗಿನ ಪೆಟ್ಟಿಗೆಗಳೊಳಗೆ ಕೋಟಿಗಟ್ಟಲೆ ಸಾಲು,
ಒಂದರ ನಂಬರೂ ನನಗೆ ಗೊತ್ತಿಲ್ಲ.
ಹಳೆಯ ಹಲಗೆಯ ಅಣಕವೂ ಅದರೊಳಗೇ ಓಡುತ್ತದಂತೆ.
ನಿನ್ನೆ ಮಧ್ಯಾಹ್ನ ಕೂತು ದೊಡ್ಡದೇನೋ ಬರೆಯಲು ಹೋದೆ.
ಅಲ್ಲಿ ಹೋಗು, ಇಲ್ಲಿ ಹೋಗು ಅನ್ನುತ್ತ ಹೋಗಿ
ಎಲ್ಲಿಂದ ಹೊರಟೆ ಅನ್ನುವುದೇ ಕಳೆದುಹೋಯಿತು.
ದೊಡ್ಡದಕ್ಕೆ ಒದಗುವ ಭಾಷೆ ಅಲ್ಲ ಅದು.
ಎಲ್ಲ ಅಳಿಸಿ ಬಿಂಗೊ ಬರೆದೆ, ಹತ್ತರಿಂದ ಶುರುಮಾಡಿ.

ಒಂದು.
ಎಂಟು.
ನಲವತ್ತು.
ಮುಂದಿನದು ಬರುವ ಮೊದಲೇ
ಯಾರೂ ಇಲ್ಲದ ಕೋಣೆಯಲ್ಲಿ
ನನ್ನ ತುಟಿ ಆಡಿತು.